‘ಪುಟ್ಟನ ಎತ್ತರ ಎಷ್ಟು, ಹೇಳಿ’: ಡಿಸ್ನಿ ಪ್ರವಾಸಕ್ಕೆ ಮುನ್ನ ಬಂದ ದಂಪತಿ

ಆಪ್ತಸಲಹೆಗಾರ್ತಿಯಾದ ನನಗೆ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಂದ ಬೇಸಿಗೆ ರಜೆಗೆ ಮುಂಚೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ. ಊರಿನಿಂದ ಅತ್ತೆ-ಮಾವ ಬಂದಿರುತ್ತಾರೆ, ಎಲ್ಲರೂ ಸೇರಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವುದೆಂದು ತೀರ್ಮಾನವಾಗಿರುತ್ತದೆ, ಹೊರಡುವ ಮೊದಲೇ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಈ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ದಂಪತಿಯ ಒಪ್ಪಿಗೆ ಇದೆ.

ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಾವನಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಅತ್ತೆ ಮೊಟ್ಟೆ ಮುಟ್ಟುವವರಲ್ಲ. ಐದು ದಿನ, ನಾಲ್ಕು ಪಾರ್ಕು, ಎಲ್ಲರಿಗೂ ನಾಲ್ಕೂ ದಿನದ ಟಿಕೆಟ್ ತೆಗೆಯುವ ಯೋಚನೆ. ಪತ್ನಿ ಎಲ್ಲವನ್ನೂ ಎಕ್ಸೆಲ್ ಶೀಟಿಗೆ ಇಳಿಸಿದ್ದರು. “ಇವಳು ಪ್ರವಾಸಕ್ಕಲ್ಲ, ಯುದ್ಧಕ್ಕೆ ಹೊರಟ ಹಾಗೆ ಮಾಡ್ತಾಳೆ ಮೇಡಂ. ಇಷ್ಟೆಲ್ಲ ಮಾಡು ಅಂತ ಯಾರು ಹೇಳಿದ್ರು?” ಎಂಬುದು ಪತಿಯ ದೂರು. ಹೋಗುವುದೇ ಬೇಡ ಎಂಬುದು ಆಕೆಯ ಹಟ.

ಯಾರು ಸರಿ ಎಂದು ಕೇಳುವ ಬದಲು, ಶೀಟಿನ ಮೊದಲ ದಿನವನ್ನು ಗಟ್ಟಿಯಾಗಿ ಓದಲು ಪತಿಗೆ ಹೇಳಿದೆ. ಪ್ರತಿ ಸಾಲಿನ ಕೊನೆಗೆ ಆ ಕೆಲಸ ಯಾರದು ಎಂದೂ ಹೇಳಬೇಕು. ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುವುದು: ಇವಳು. ಮಾವನ ಮಾತ್ರೆ, ಅದಕ್ಕೆ ಮುಂಚೆ ತಿಂಡಿ: ಇವಳು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಬಸ್ಸು: ಎಲ್ಲರೂ. ಸೆವೆನ್ ಡ್ವಾರ್ಫ್ಸ್ ರೈಡ್: ಎಲ್ಲರೂ. ಸ್ಪೇಸ್ ಮೌಂಟನ್ ಎಂಬ ಸಾಲಿಗೆ ಬಂದಾಗ ನಿಂತರು. “ಇದಕ್ಕೆ ಪುಟ್ಟನೂ ಬರ್ತಾನಾ?”

ಆಕೆ ಕೇಳಿದರು: “ಪುಟ್ಟನ ಎತ್ತರ ಎಷ್ಟು, ಹೇಳಿ.”

“ಮೂರೂವರೆ ಅಡಿ ಇರಬಹುದು.”

“ಮೂವತ್ತೊಂಬತ್ತು ಇಂಚು. ಸೆವೆನ್ ಡ್ವಾರ್ಫ್ಸ್‌ಗೆ 38 ಇದ್ರೆ ಸಾಕು, ಹತ್ತಬಹುದು. ಸ್ಪೇಸ್ ಮೌಂಟನ್‌ಗೆ 44 ಬೇಕು. ಟ್ರಾನ್‌ಗೆ 48. ಗೋಡೆಗೆ ನಿಲ್ಲಿಸಿ ಅಳೆದಿದೀನಿ. ಅಲ್ಲಿ ಗೇಟಲ್ಲಿ ಅಳೆದು ವಾಪಸ್ ಕಳಿಸಿದ್ರೆ ಅವನು ಅಳ್ತಾನೆ, ಆಗ ನೀವು ನನ್ನ ಮುಖ ನೋಡ್ತೀರ.”

ಅವರು ಮುಂದೆ ಓದಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಸರಿ, ನಾನೂ ಹೆಲ್ಪ್ ಮಾಡ್ತೀನಿ” ಎಂದರು. ಆ ಮಾತನ್ನು ನಾನು ಒಪ್ಪಲಿಲ್ಲ. ಸಹಾಯ ಮಾಡುವವನಿಗೆ ಏನು ಮಾಡಬೇಕೆಂದು ಇನ್ನೊಬ್ಬರು ಹೇಳಬೇಕು. ನೆನಪಿಡುವ ಹೊರೆ ಅಲ್ಲೇ ಉಳಿಯುತ್ತದೆ, ಆಕೆಯನ್ನು ಸುಸ್ತು ಮಾಡಿದ್ದೂ ಅದೇ. ಕೆಲಸವನ್ನು ಬುಡಸಮೇತ ವಹಿಸಿಕೊಳ್ಳಬೇಕು.

ಹಾಗಾಗಿ ಊಟದ ಬುಕಿಂಗ್ ಮತ್ತು ಅಪ್ಪ-ಅಮ್ಮನ ಜವಾಬ್ದಾರಿ ಪೂರ್ತಿ ಪತಿಗೆ. ಡಿಸ್ನಿಯ ರೆಸ್ಟೋರೆಂಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಆ ಬೆಳಿಗ್ಗೆ ಏಳಬೇಕಾದವರು ಅವರು. ಮೊಟ್ಟೆಯ ವಿಷಯ ಬರೆಸುವುದು, ಮಾತ್ರೆ ಮತ್ತು ಸಕ್ಕರೆ ಅಳೆಯುವ ಯಂತ್ರವನ್ನು ಕೈಚೀಲದಲ್ಲಿಡುವುದು, ವೀಲ್‌ಚೇರ್‌ಗೆ ತಂದೆಯನ್ನು ಒಪ್ಪಿಸುವುದು ಅವರದೇ. ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡಿಗೆ ಅಲ್ಲಿ ಸಾಮಾನ್ಯ. ಎಪ್‌ಕಾಟ್ ಪಾರ್ಕಿನಲ್ಲಿ ಕೆರೆಯ ಸುತ್ತ 11 ದೇಶಗಳ ಮಂಟಪಗಳನ್ನು ಒಂದು ಸುತ್ತು ಹಾಕಿದರೇ ಸುಮಾರು 2 ಕಿಲೋಮೀಟರ್. ಆಕೆಗೆ ನನ್ನ ಕರಾರು ಒಂದೇ: ಇದರಲ್ಲಿ ತಪ್ಪಾದರೂ ನಡುವೆ ಬಾಯಿ ಹಾಕಬಾರದು. ಆಕೆಗೆ ಅತಿ ಕಷ್ಟವಾದದ್ದು ಇದೇ.

ರೈಡುಗಳು ಆಕೆಯ ಪಾಲು. ಡಿಸ್ನಿಯ ಹೋಟೆಲ್‌ನಲ್ಲಿ ಉಳಿಯುವವರು ದುಡ್ಡು ಕೊಟ್ಟು ಚಿಕ್ಕ ಸಾಲಿನಲ್ಲಿ ಹೋಗುವ ಲೈಟ್ನಿಂಗ್ ಲೇನ್ ಪಾಸನ್ನು 7 ದಿನ ಮುಂಚೆ ಕಾಯ್ದಿರಿಸಬಹುದು, ಹೊರಗಿನವರು 3 ದಿನ. ಹೋಟೆಲ್‌ನವರಿಗೆ ಪಾರ್ಕಿನೊಳಗೆ ಅರ್ಧ ಗಂಟೆ ಮೊದಲೇ ಪ್ರವೇಶ. ಇಷ್ಟೆಲ್ಲ ತಿಳಿದ ಆಕೆ ದೊಡ್ಡ ರೈಡುಗಳಲ್ಲೆಲ್ಲ ತನ್ನ ಹೆಸರಿನ ಮುಂದೆ ‘ಪುಟ್ಟನ ಜೊತೆ ಹೊರಗೆ’ ಎಂದು ಬರೆದುಕೊಂಡಿದ್ದರು. ಅಲ್ಲಿ ರೈಡರ್ ಸ್ವಿಚ್ ಎಂಬ ವ್ಯವಸ್ಥೆಯಿದೆ: ಅಪ್ಪ-ಮಗಳು ಹೋಗಿಬರುವವರೆಗೆ ಅಮ್ಮ ಮಗುವಿನ ಜೊತೆ ಇದ್ದು, ಆಮೇಲೆ ಅದೇ ಉದ್ದದ ಸಾಲಿನಲ್ಲಿ ಮತ್ತೆ ನಿಲ್ಲದೆ ಒಳಗೆ ಹೋಗಬಹುದು. ಸಾಲು ಸೇರುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಬೇಕು, ಆಗ ಮಗುವೂ ಜೊತೆಗಿರಬೇಕು. ಅದನ್ನು ಬಳಸಲೇಬೇಕೆಂದು ಶೀಟಿನಲ್ಲಿ ಬರೆಸಿದೆ.

ಇನ್ನೊಂದು ಗಂಟು ‘ದುಡ್ಡು ವಸೂಲಾಗಬೇಕು, ಎಲ್ಲರೂ ಒಟ್ಟಿಗೇ ಇರಬೇಕು’ ಎಂಬುದು. ಈ ಎರಡು ಆಸೆಗಳನ್ನು ಒಟ್ಟಿಗೆ ಹೊತ್ತರೆ ಮೂರನೇ ದಿನ ಯಾರಾದರೂ ಕುಸಿಯುತ್ತಾರೆ. ಪ್ರತಿಯೊಬ್ಬರಿಗೂ ಅಷ್ಟೇ ದಿನದ ಟಿಕೆಟ್ ಬೇಕೆಂದೇನಿಲ್ಲ. ಹಿರಿಯರಿಗೆ ಎರಡು ದಿನದ್ದು ಸಾಕೆಂದೆ: ಒಂದು ಮ್ಯಾಜಿಕ್ ಕಿಂಗ್‌ಡಮ್, ಒಂದು ಅನಿಮಲ್ ಕಿಂಗ್‌ಡಮ್. ಮೊದಲನೆಯದಕ್ಕೆ ಅವರು ಮಧ್ಯಾಹ್ನದ ನಂತರ ಬರಲಿ. ಸ್ಮಾಲ್ ವರ್ಲ್ಡ್ ದೋಣಿ, ನಿಧಾನವಾಗಿ ಸುತ್ತುವ ಪೀಪಲ್‌ಮೂವರ್ ಗಾಡಿ, ರಾತ್ರಿ ಪಟಾಕಿ. ಅನಿಮಲ್ ಕಿಂಗ್‌ಡಮ್‌ನ ಸಫಾರಿ ಲಾರಿಯ ಕುಲುಕಾಟ ಮಂಡಿಗೆ, ಬೆನ್ನಿಗೆ ಆದೀತೇ ಎಂದು ಮೊದಲೇ ಅವರನ್ನೇ ಕೇಳಿ. ಮೂರನೇ ದಿನ ಯಾರಿಗೂ ಟಿಕೆಟ್ ಬೇಡ. ಬೆಳಿಗ್ಗೆ ಈಜುಕೊಳ, ಮಧ್ಯಾಹ್ನ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ರೆಸ್ಟೋರೆಂಟ್. ಅಲ್ಲಿ ಊಟಕ್ಕೆ ಪಾರ್ಕಿನ ಟಿಕೆಟ್ ಬೇಡ, ನಾನ್ ಮತ್ತು ಬಗೆಬಗೆಯ ಚಟ್ನಿ ಸಿಗುತ್ತದೆ, ಕಿಟಕಿಯಾಚೆ ಬಯಲಿನಲ್ಲಿ ಜಿರಾಫೆಗಳು ಓಡಾಡುತ್ತವೆ. ಯಾವುದರಲ್ಲಿ ಮೊಟ್ಟೆಯಿದೆ ಎಂದು ಕೇಳಿಯೇ ತರಿಸಿ.

ಆಪ್ತಸಲಹೆಗಾರರು ವೇಳಾಪಟ್ಟಿ ತಿದ್ದುತ್ತಾ ಕೂರಬಾರದು, ಭಾವನೆಗಳ ಬಗ್ಗೆ ಮಾತಾಡಿಸಬೇಕು ಎಂದು ಈ ವೃತ್ತಿಯ ಕೆಲವರು ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ಈ ಮನೆಯ ಜಗಳ ಇದ್ದದ್ದೇ ಆ ಶೀಟಿನ ಸಾಲುಗಳಲ್ಲಿ. ‘ಪರಸ್ಪರ ಅರ್ಥ ಮಾಡಿಕೊಳ್ಳಿ’ ಎಂದು ಹೇಳಿ ಕಳಿಸಿದ್ದರೆ, ಬೆಳಿಗ್ಗೆ ಮಾತ್ರೆ ಹುಡುಕುವವರು ಮತ್ತೆ ಆಕೆಯೇ ಆಗುತ್ತಿದ್ದರು.

ಅವರು ಹೋಗಿಬಂದರು. ಪತಿ ಒಂದು ರಾತ್ರಿಯ ಊಟ ಬುಕ್ ಮಾಡಲು ಮರೆತಿದ್ದರಂತೆ; ಕೋಣೆಯಲ್ಲಿ ಅವಲಕ್ಕಿ ತಿಂದರು, ಆಕೆ ಬಾಯಿ ಹಾಕಲಿಲ್ಲ. ಎಲ್ಲರೂ ಸದಾ ಜೊತೆಗಿರಲಿಲ್ಲ ಎಂಬ ಬೇಸರ ಅತ್ತೆಗೆ ಈಗಲೂ ಇದೆ.

ಈಗಾಗಲೇ ಅಲ್ಲಿದ್ದು, ಎರಡನೇ ದಿನಕ್ಕೇ ಜಗಳ ಹತ್ತಿದ್ದರೆ, ಮಧ್ಯಾಹ್ನ ಒಂದಕ್ಕೆ ಎಲ್ಲರೂ ಹೋಟೆಲ್‌ಗೆ ಮರಳಿ ಐದರವರೆಗೆ ಮಲಗಿ. ಬೇಸಿಗೆಯಲ್ಲಿ ಆ ಹೊತ್ತಿಗೆ ಹೇಗೂ ಗುಡುಗು-ಮಳೆ ಬರುವುದುಂಟು, ಬಯಲಿನ ರೈಡುಗಳನ್ನು ನಿಲ್ಲಿಸುತ್ತಾರೆ. ಸಂಜೆ ಮತ್ತೆ ಹೊರಡುವಾಗ ಮಕ್ಕಳ ಚೀಲ ಬೆಳಿಗ್ಗೆ ಹೊತ್ತವರ ಹೆಗಲಿಗೆ ಬೇಡ.