ಕಂತಿಗಿಂತ ಹೆಚ್ಚು ಕಟ್ಟುತ್ತಿದ್ದ ದಂಪತಿ: ಒಂದು ಆಪ್ತಸಲಹೆ ಪ್ರಕರಣ

ಮೊದಲ ಸ್ವಂತ ಮನೆಯನ್ನು ಕೊಂಡು ಹದಿನಾಲ್ಕು ತಿಂಗಳಾಗಿದ್ದ ದಂಪತಿಯೊಬ್ಬರು ಹಣಕಾಸಿನ ಆಪ್ತಸಲಹೆ ಕೇಳಿಕೊಂಡು ಬಂದಿದ್ದರು. ಇಬ್ಬರೂ ಸಂಬಳದ ಕೆಲಸದಲ್ಲಿದ್ದವರು; ಶಾಲೆಗೆ ಹೋಗುವ ಒಂದು ಮಗುವಿದೆ. ಗೃಹಸಾಲದ ಒಂದು ಕಂತೂ ತಡವಾಗಿರಲಿಲ್ಲ. ಅಷ್ಟೇ ಅಲ್ಲ, ನಾಲ್ಕನೆಯ ತಿಂಗಳು ಮುಗಿದ ಮೇಲೆ ಪ್ರತಿ ತಿಂಗಳೂ ಕಂತಿನ ಜೊತೆಗೆ ಹೆಚ್ಚುವರಿ ಹಣವನ್ನೂ ಸಾಲದ ಖಾತೆಗೆ ಕಟ್ಟುತ್ತಾ ಬಂದಿದ್ದರು. ಹಾಗಿದ್ದರೂ ತಿಂಗಳ ಮೂರನೆಯ ವಾರಕ್ಕೆ ಕೈ ಖಾಲಿಯಾಗುತ್ತಿತ್ತು, ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಿತ್ತು, ಮತ್ತು ಹಣದ ಮಾತು ಬಂದರೆ ಸಾಕು, ಇಬ್ಬರಲ್ಲೊಬ್ಬರು ಕೋಣೆಯಿಂದ ಎದ್ದು ಹೋಗುವಂತಾಗಿತ್ತು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ನೇರವಾಗಿ ಹೇಳದೆ, ಇಬ್ಬರ ತಿಂಗಳ ಒಟ್ಟು ಆದಾಯವನ್ನು 100 ಭಾಗವೆಂದು ಇಟ್ಟುಕೊಂಡು ಉಳಿದುದನ್ನೆಲ್ಲ ಅದರ ಲೆಕ್ಕದಲ್ಲಿ ಬರೆದಿದ್ದೇನೆ.

ಪತಿ ತಮ್ಮ ಲೆಕ್ಕದ ಹಾಳೆಯನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದರು. ಅದರ ಪ್ರಕಾರ ಗೃಹಸಾಲದ ಕಂತು 38 ಭಾಗ, ಮನೆವಾರ್ತೆ 34, ಓಡಾಟ 8, ಮಗುವಿನ ಖರ್ಚು 7. ಉಳಿಯುವುದು 13, ಅದರಲ್ಲಿ 10 ಭಾಗವನ್ನು ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿದರೂ 3 ಭಾಗ ಕೈಯಲ್ಲಿ ಉಳಿಯಬೇಕು. "ಲೆಕ್ಕದಲ್ಲಿ ಉಳಿಯುತ್ತದೆ, ಖಾತೆಯಲ್ಲಿ ಉಳಿಯುವುದಿಲ್ಲ. ಎಲ್ಲಿ ಸೋರುತ್ತಿದೆಯೆಂದು ಇವಳನ್ನು ಕೇಳಿದರೆ ಜಗಳವಾಗುತ್ತದೆ" ಎಂದರು. ಪತ್ನಿ ಅದಕ್ಕೆ ನೇರವಾಗಿ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಮಲಗುವ ಕೋಣೆಯ ಚಾವಣಿ ಮಳೆಗಾಲದಿಂದ ಒಸರುತ್ತಿದೆ. ರಿಪೇರಿಗೆ ಹಣವಿಲ್ಲ ಎನ್ನುತ್ತಾರೆ ಇವರು. ಮನೆಯ ಸಾಲಕ್ಕೆ ಇಷ್ಟೊಂದು ಕಟ್ಟುತ್ತೇವೆ, ಮನೆಗೆ ಮಾತ್ರ ಏನೂ ಮಾಡುವುದಿಲ್ಲ" ಎಂದರು. ಪ್ರಕರಣದ ತಿರುಳು ಈ ಮಾತಿನಲ್ಲಿಯೇ ಇತ್ತು.

ಆ ಹಾಳೆ ಬಾಡಿಗೆ ಮನೆಯ ಕಾಲದ ಹಾಳೆ. ಬಾಡಿಗೆಯಿದ್ದ ಸಾಲಿನಲ್ಲಿ ಕಂತನ್ನು ಬರೆದುದನ್ನು ಬಿಟ್ಟರೆ ಬೇರೆ ಬದಲಾವಣೆಯೇ ಆಗಿರಲಿಲ್ಲ. ಬಾಡಿಗೆ ಮನೆಯಲ್ಲಿ ನಲ್ಲಿ ಕೆಟ್ಟರೂ ಗೋಡೆ ಬಿರುಕು ಬಿಟ್ಟರೂ ಮಾಲೀಕರಿಗೆ ಹೇಳಿದರೆ ಆಗುತ್ತಿತ್ತು. ಈಗ ಅವರೇ ಮಾಲೀಕರು. ಆಸ್ತಿಯ ಮೇಲಿನ ತೆರಿಗೆ, ಮನೆಯ ವಿಮೆ, ಸಣ್ಣಪುಟ್ಟ ದುರಸ್ತಿ ಇವು ಯಾವುವೂ ಹಾಳೆಯಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಬರುವ ಶಾಲಾ ಶುಲ್ಕ, ವಾಹನದ ಸರ್ವಿಸ್, ಹತ್ತಿರದವರ ಮನೆಯ ಸಮಾರಂಭಗಳ ಖರ್ಚು ಇವೂ ಇರಲಿಲ್ಲ, ಏಕೆಂದರೆ ಅವು "ತಿಂಗಳ ಖರ್ಚು" ಅಲ್ಲ ಎಂಬುದು ಪತಿಯ ತರ್ಕವಾಗಿತ್ತು. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಮುಂದಿಟ್ಟುಕೊಂಡು, ಇಂತಹ ಖರ್ಚುಗಳನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ, ಮನೆಗೆ ಸಂಬಂಧಿಸಿದವು ತಿಂಗಳಿಗೆ 6 ಭಾಗ, ವಾರ್ಷಿಕ ಖರ್ಚುಗಳು 5 ಭಾಗ ಎಂದು ತಿಳಿಯಿತು. ಅಂದರೆ ತಿಂಗಳಿಗೆ ನಿಜವಾಗಿ ಉಳಿಯುತ್ತಿದ್ದುದು 13 ಭಾಗವಲ್ಲ, 2. ಹಾಗಿದ್ದೂ 10 ಭಾಗವನ್ನು ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟುತ್ತಿದ್ದುದರಿಂದ ಪ್ರತಿ ತಿಂಗಳೂ 8 ಭಾಗ ಕೊರತೆ. ಹತ್ತು ತಿಂಗಳ ಕೊರತೆ 80 ಭಾಗ: ಅದರಲ್ಲಿ ಸುಮಾರು 30 ಭಾಗ ಹಳೆಯ ಉಳಿತಾಯವನ್ನು ಕರಗಿಸಿತ್ತು, 50 ಭಾಗ ಕಾರ್ಡಿನ ಬಾಕಿಯಾಗಿ ನಿಂತಿತ್ತು. ಯಾರೂ ದುಂದು ಮಾಡಿರಲಿಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ಪತ್ನಿ ಬಹಳ ಕಾಲದಿಂದ ಆ ಆರೋಪದ ನೆರಳಿನಲ್ಲಿದ್ದರು.

ಹೆಚ್ಚುವರಿ ಪಾವತಿಯ ಮೇಲೆ ಪತಿಗಿದ್ದ ಹಟಕ್ಕೆ ಕಾರಣವಿತ್ತು, ಮತ್ತು ಲೆಕ್ಕದ ದೃಷ್ಟಿಯಿಂದ ಅದು ತಪ್ಪೂ ಆಗಿರಲಿಲ್ಲ. ವರ್ಷಕ್ಕೆ ಶೇಕಡಾ 8ರ ಬಡ್ಡಿಯಲ್ಲಿ 20 ವರ್ಷದ ಸಾಲ ತೆಗೆದರೆ, ಕಟ್ಟುವ ಒಟ್ಟು ಬಡ್ಡಿ ಹೆಚ್ಚುಕಡಿಮೆ ಅಸಲಿನಷ್ಟೇ ಆಗುತ್ತದೆ. ಮೊದಲ ಕಂತಿನ ಐದರಲ್ಲಿ ನಾಲ್ಕು ಪಾಲು ಬಡ್ಡಿಗೇ ಹೋಗುತ್ತದೆ. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ತೀರಿರುವುದು ಅಸಲಿನ ಎಂಟನೆಯ ಒಂದು ಪಾಲು ಮಾತ್ರ. ಅಸಲು ಅರ್ಧಕ್ಕಿಳಿಯಲು ಹದಿಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಬಡ್ಡಿಯನ್ನು ಉಳಿದಿರುವ ಅಸಲಿನ ಮೇಲೆ ಲೆಕ್ಕ ಹಾಕುವುದರಿಂದ, ಆರಂಭದ ವರ್ಷಗಳಲ್ಲಿ ಅಸಲಿಗೆ ಸೇರಿದ ಸಣ್ಣ ಮೊತ್ತವೂ ಮುಂದಿನ ಎಲ್ಲ ತಿಂಗಳ ಬಡ್ಡಿಯನ್ನು ತಗ್ಗಿಸುತ್ತದೆ. ಇಂತಹ ಸಾಲದಲ್ಲಿ ಮೊದಲಿನಿಂದಲೂ ಕಂತಿನ ಶೇಕಡಾ 5ರಷ್ಟನ್ನು ಹೆಚ್ಚಾಗಿ ಕಟ್ಟಿದರೆ ಸಾಲ 26 ತಿಂಗಳು ಬೇಗ ಮುಗಿಯುತ್ತದೆ; ಶೇಕಡಾ 10ರಷ್ಟು ಕಟ್ಟಿದರೆ ಸುಮಾರು 46 ತಿಂಗಳು. ಪತಿ ಈ ಲೆಕ್ಕವನ್ನೆಲ್ಲ ಬಲ್ಲವರು. ಅವರಿಗೆ ತಿಳಿಯದೆ ಹೋದದ್ದು ಬೇರೊಂದು: ಸಾಲಕ್ಕೆ ಕಟ್ಟಿದ ಹಣವನ್ನು, ಒಪ್ಪಂದದಲ್ಲಿ ವಿಶೇಷ ಅವಕಾಶವಿದ್ದರೆ ಹೊರತು, ಬೇಕೆಂದಾಗ ಹಿಂದಕ್ಕೆ ಪಡೆಯಲಾಗದು, ಮತ್ತು ಆ ಹಣ ಮಿಕ್ಕ ಹಣವಲ್ಲ, ಕಾರ್ಡಿನಿಂದ ತಂದ ಸಾಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಕಾರ್ಡಿನ ಬಡ್ಡಿ ಗೃಹಸಾಲದ ಬಡ್ಡಿಯ ನಾಲ್ಕು ಪಟ್ಟು. 50 ಭಾಗದ ಬಾಕಿಗೆ ಅದು ವರ್ಷಕ್ಕೆ 16 ಭಾಗ. ಹೆಚ್ಚುವರಿಯಾಗಿ ಕಟ್ಟಿದ 100 ಭಾಗ ಪೂರ್ತಿ ಅಸಲಿಗೆ ಸೇರಿದ್ದರೂ ಉಳಿಯುತ್ತಿದ್ದ ಬಡ್ಡಿ ವರ್ಷಕ್ಕೆ 8 ಭಾಗ. ಸಾಲದ ಖಾತೆಯ ಸ್ಟೇಟ್‌ಮೆಂಟ್ ನೋಡಿದಾಗ ಅಷ್ಟೂ ಸೇರಿಲ್ಲವೆಂಬುದು ಗೊತ್ತಾಯಿತು. ಮೊದಲ ಮೂರು ತಿಂಗಳ ಹೆಚ್ಚುವರಿ ಹಣವನ್ನು, ಅಂದರೆ 30 ಭಾಗವನ್ನು, ಸಾಲ ಕೊಟ್ಟವರು ಅಸಲಿನಿಂದ ಕಳೆಯದೆ ಮುಂದಿನ ಕಂತಿನ ಮುಂಗಡವೆಂದು ಹಾಗೆಯೇ ಇಟ್ಟುಕೊಂಡಿದ್ದರು. ಇದು ಅಸಲಿಗೆಂದು ಕಟ್ಟಿದ ಹಣವೆಂದು ಲಿಖಿತವಾಗಿ ತಿಳಿಸದಿದ್ದರೆ ಹೀಗಾಗುವುದುಂಟು. ನಾಲ್ಕನೆಯ ಸಲದಿಂದ ಪತಿ ಆ್ಯಪಿನಲ್ಲಿ ಬೇರೆ ಆಯ್ಕೆಯನ್ನು ಒತ್ತಿದ್ದರಿಂದ ಉಳಿದ 70 ಭಾಗ ಅಸಲಿಗೆ ಸಂದಿತ್ತು. ವರ್ಷಕ್ಕೆ ಉಳಿಯುವ ಬಡ್ಡಿ 5.6 ಭಾಗ, ಅದಕ್ಕಾಗಿ ತೆರುತ್ತಿರುವುದು 16. ಪತಿ ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆದರೂ ಅವರ ಮೊದಲ ಪ್ರತಿಕ್ರಿಯೆ, "ಹಾಗಾದರೆ ಮನೆಖರ್ಚನ್ನು ಇನ್ನೂ ಬಿಗಿ ಮಾಡಿ ಎರಡನ್ನೂ ಕಟ್ಟೋಣ" ಎಂಬುದೇ ಆಗಿತ್ತು. ಲೆಕ್ಕ ಒಪ್ಪಿದರೂ ಮನಸ್ಸು ಒಪ್ಪಿರಲಿಲ್ಲ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಲೆಕ್ಕದ ಹಾಳೆಯನ್ನು ಬದಿಗಿಟ್ಟೆವು. ಪತಿಯ ಬಾಲ್ಯದಲ್ಲಿ ಅವರ ತಂದೆ ಸಾಲ ತೀರಿಸಲಾಗದೆ ಇದ್ದ ಮನೆಯನ್ನು ಮಾರಿದ್ದರು. ಆಮೇಲೆ ಕುಟುಂಬ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುತ್ತಲೇ ಇತ್ತು. ಸಾಲವಿರುವ ಮನೆ ತಮ್ಮದಲ್ಲ, ಯಾವ ದಿನ ಬೇಕಾದರೂ ಕೈಬಿಡಬಹುದು ಎಂಬ ಭಾವನೆ ಅವರಲ್ಲಿ ಗಟ್ಟಿಯಾಗಿ ಉಳಿದಿತ್ತು, ಮತ್ತು ತಿಂಗಳಿಗೊಮ್ಮೆ ಆ್ಯಪಿನಲ್ಲಿ ಅಸಲು ಇಳಿದುದನ್ನು ನೋಡುವುದು ಅದಕ್ಕೆ ಔಷಧಿಯಾಗಿತ್ತು. ಪತ್ನಿಗೆ ಇದಾವುದೂ ಹೊಸ ವಿಷಯವಲ್ಲ. ಆದರೆ ತಿಂಗಳ ಕೊನೆಯಲ್ಲಿ ತಾನು ಕಾರ್ಡನ್ನು ಉಜ್ಜುವುದು ಆ ಭಯದ ಬೆಲೆಯೆಂದು ಅವರು ಎಂದೂ ಹೇಳಿರಲಿಲ್ಲ. ನಾನು ಪತಿಗೆ ಒಂದೇ ಪ್ರಶ್ನೆ ಕೇಳಿದೆ: ನಾಳೆ ಇಬ್ಬರಲ್ಲೊಬ್ಬರ ಸಂಬಳ ಮೂರು ತಿಂಗಳು ನಿಂತರೆ ಮನೆಯನ್ನು ಕಾಯುವುದು ಯಾವುದು, ಅಸಲಿಗೆ ಸೇರಿಹೋದ 70 ಭಾಗವೇ, ಖಾತೆಯಲ್ಲಿರುವ ಹಣವೇ? ಅಸಲಿಗೆ ಎಷ್ಟೇ ಹೆಚ್ಚಾಗಿ ಕಟ್ಟಿದ್ದರೂ ಮುಂದಿನ ತಿಂಗಳ ಕಂತು ತಪ್ಪಿದರೆ ತಪ್ಪಿದಂತೆಯೇ. ಹಿಂದೆ ಹೆಚ್ಚು ಕಟ್ಟಿದ್ದೀರಿ ಎಂಬ ಕಾರಣಕ್ಕೆ ಸಾಲ ಕೊಟ್ಟವರು ಕಾಯಬೇಕೆಂಬ ಕರಾರು ಸಾಮಾನ್ಯವಾಗಿ ಇರುವುದಿಲ್ಲ. ಮನೆ ಕೈತಪ್ಪುತ್ತದೆಂಬ ಭಯಕ್ಕೆ ಉತ್ತರ ಕೈಯಲ್ಲಿರುವ ಹಣವೇ ಹೊರತು ಬೇಗ ಇಳಿಯುವ ಅಸಲಲ್ಲ ಎಂಬುದನ್ನು ಅವರು ಆ ದಿನ ಒಪ್ಪಿಕೊಂಡರು.

ಕೊಟ್ಟ ಸಲಹೆ ಹೀಗಿತ್ತು. ಹೆಚ್ಚುವರಿ ಪಾವತಿಯನ್ನು ಕೂಡಲೇ ನಿಲ್ಲಿಸಬೇಕು. ಮುಂಗಡವಾಗಿ ಉಳಿದಿರುವ 30 ಭಾಗವನ್ನು ಅಸಲಿಗೆ ವರ್ಗಾಯಿಸಿರೆಂದು ದೂರು ಬರೆಯುವುದಕ್ಕೆ ಪತಿ ಸಿದ್ಧರಾಗಿದ್ದರು, ಅದನ್ನು ಬೇಡವೆಂದೆ. ಸಾಲ ಕೊಟ್ಟವರ ಆ ಲೋಪ ಈ ಸಂದರ್ಭದಲ್ಲಿ ಇವರಿಗೆ ಅನುಕೂಲವೇ ಆಗಿತ್ತು. ಆ ಹಣ ಮುಂದಿನ ಕಂತಿಗೆ ಹೊಂದಾಣಿಕೆಯಾಗಲಿ ಎಂದು ಲಿಖಿತವಾಗಿ ಕೇಳಿಕೊಂಡರೆ, ಆ ತಿಂಗಳ ಸಂಬಳದಲ್ಲಿ 30 ಭಾಗ ಬಿಡುವಾಗಿ ಕಾರ್ಡಿಗೆ ಹೋಗುತ್ತದೆ, 50ರ ಬಾಕಿ 20ಕ್ಕೆ ಇಳಿಯುತ್ತದೆ. ಮನೆವಾರ್ತೆಯಲ್ಲಿ 4 ಭಾಗ, ಓಡಾಟದಲ್ಲಿ 1 ಭಾಗ ಕಡಿಮೆ ಮಾಡಲು ಇಬ್ಬರೂ ಒಪ್ಪಿದರು; ಯಾವುದನ್ನು ಕಡಿಮೆ ಮಾಡಬೇಕೆಂದು ಪಟ್ಟಿ ಮಾಡಿದವರು ಪತ್ನಿ, ಮತ್ತು ಆ ಪಟ್ಟಿಯಲ್ಲಿ ಮಗುವಿನ ಈಜು ತರಗತಿ ಇರಕೂಡದೆಂದು ಪಟ್ಟು ಹಿಡಿದವರು ಪತಿ. ಹೀಗೆ ತಿಂಗಳಿಗೆ ಸಿಗುವ 7 ಭಾಗ ಕಾರ್ಡು ತೀರುವ ತನಕ ಪೂರ್ತಿಯಾಗಿ ಅದಕ್ಕೇ ಸಲ್ಲಬೇಕು. ವಾರ್ಷಿಕ ಖರ್ಚಿನ 5 ಮತ್ತು ಮನೆಯ 6 ಭಾಗಗಳನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಬೇಕು. ಆ ಖಾತೆಯ ಹಣ ಉಳಿತಾಯವಲ್ಲ, ಇನ್ನೂ ಬಿಲ್ಲು ಬಾರದ ಖರ್ಚು.

ಕಾರ್ಡು ತೀರಿದ ನಂತರದ ಹಂಚಿಕೆಯ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಬರಿಯ ಲೆಕ್ಕ ಹೇಳುವುದಾದರೆ, ಮೂರರಿಂದ ಆರು ತಿಂಗಳ ಅಗತ್ಯ ಖರ್ಚಿನಷ್ಟು ತುರ್ತು ನಿಧಿ ಕೂಡುವ ತನಕ ಗೃಹಸಾಲಕ್ಕೆ ಹೆಚ್ಚುವರಿಯಾಗಿ ಏನನ್ನೂ ಕಟ್ಟಬಾರದು. ತಿಂಗಳಿಗೆ 7 ಭಾಗದಂತೆ ಕೂಡಿಸುವವರಿಗೆ ಅದರಲ್ಲಿ ಮೂರು ತಿಂಗಳಿನಷ್ಟು ಕೂಡುವುದೇ ಮೂರು ವರ್ಷದ ಹತ್ತಿರದ ಮಾತು. ಅಷ್ಟು ಕಾಲ ಪತಿ ಸುಮ್ಮನಿರುತ್ತಾರೆಂದು ನನಗೆ ಅನ್ನಿಸಲಿಲ್ಲ. ಪೂರ್ಣ ನಿಷೇಧ ಹೇರಿದರೆ ಆರು ತಿಂಗಳಲ್ಲಿ ಗುಟ್ಟಾಗಿ ಮತ್ತೆ ಕಟ್ಟತೊಡಗುತ್ತಾರೆ ಎಂಬುದು ನನ್ನ ಅಂದಾಜಾಗಿತ್ತು. ಆದುದರಿಂದ 5 ಭಾಗ ನಿಧಿಗೆ, 2 ಭಾಗ ಸಾಲಕ್ಕೆ ಎಂದು ಗೊತ್ತುಮಾಡಿದೆವು. 2 ಭಾಗವೆಂದರೆ ಅವರ ಕಂತಿನ ಸುಮಾರು ಶೇಕಡಾ 5; ಮೇಲೆ ಹೇಳಿದ 26 ತಿಂಗಳಿಗಿಂತ ತುಸು ಕಡಿಮೆ ಲಾಭ ಅದರಿಂದಲೂ ಉಂಟು. ಕಟ್ಟುವಾಗ ಮೂರು ವಿಷಯಗಳನ್ನು ಸಾಲ ಕೊಟ್ಟವರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಲು ಹೇಳಿದೆ: ಹಣ ಅಸಲಿಗೆ ಸೇರಬೇಕು, ಕಂತಿನ ಮೊತ್ತ ಇಳಿಯದೆ ಅವಧಿ ಇಳಿಯಬೇಕು, ಅವಧಿಗೆ ಮುಂಚಿನ ಪಾವತಿಗೆ ಶುಲ್ಕವಿದೆಯೇ ಎಂಬುದು ತಿಳಿದಿರಬೇಕು. ಬಡ್ಡಿ ಕೆಲವು ವರ್ಷ ಸ್ಥಿರವಾಗಿರುವ ಸಾಲಗಳಲ್ಲಿ ಇಂತಹ ಶುಲ್ಕ ಹೆಚ್ಚಾಗಿ ಕಾಣಸಿಗುತ್ತದೆ. ಇವರ ಒಪ್ಪಂದದಲ್ಲಿ ವರ್ಷಕ್ಕೆ ಬಾಕಿಯ ಶೇಕಡಾ 10ರವರೆಗೆ ಶುಲ್ಕವಿರಲಿಲ್ಲ. ಇವರು ಕಟ್ಟಿದ್ದುದು ಅದರ ಕಾಲುಭಾಗವೂ ಅಲ್ಲ.

ನಿಧಿಗೆ 5 ಭಾಗವೇ ಏಕೆ ಎಂಬುದಕ್ಕೆ ಇನ್ನೊಂದು ಕಾರಣವಿತ್ತು. ಇವರ ಬಡ್ಡಿ ದರ ಎರಡು ವರ್ಷಕ್ಕೆ ಮಾತ್ರ ಸ್ಥಿರವಾಗಿದ್ದು, ಆಮೇಲೆ ಬದಲಾಗುವಂಥದು. ಆಗ ದರ ಶೇಕಡಾ 8ರಿಂದ 10ಕ್ಕೆ ಏರಿತೆಂದು ಊಹಿಸಿಕೊಂಡು, ಉಳಿದ 18 ವರ್ಷಕ್ಕೆ ಲೆಕ್ಕ ಹಾಕಿದರೆ 38 ಭಾಗದ ಕಂತು 43 ಭಾಗವನ್ನು ದಾಟುತ್ತದೆ. ತಿಂಗಳಿಗೆ 5 ಭಾಗವನ್ನು ಈಗಿನಿಂದಲೇ ಎತ್ತಿಟ್ಟು ಬದುಕುವ ಮನೆಗೆ ಆ ಏರಿಕೆ ಬಂದರೂ ದಿನಚರಿ ತಪ್ಪುವುದಿಲ್ಲ; ಬಾರದಿದ್ದರೆ ನಿಧಿ ಬೆಳೆದಿರುತ್ತದೆ. ದರ ಏರಲಾರದೆಂದು ಪತ್ನಿಗೆ ಯಾರೋ ಹೇಳಿದ್ದರಂತೆ. ಏರುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಏರಿದರೆ ತಾಳಿಕೊಳ್ಳಲು ಆಗುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕೆಂದೆ.

ನಾಲ್ಕು ತಿಂಗಳ ನಂತರದ ಭೇಟಿಯ ಹೊತ್ತಿಗೆ ಕಾರ್ಡಿನ ಬಾಕಿ ತೀರಿತ್ತು. ಈ ನಡುವೆ ಪತಿಯ ಕಚೇರಿಯಲ್ಲಿ ವಾರ್ಷಿಕ ಬೋನಸ್ಸೆಂದು 60 ಭಾಗ ಬಂದಿತ್ತು, ಅದರ ಬಗ್ಗೆ ಹೊಸ ಜಗಳವೂ ಶುರುವಾಗಿತ್ತು. ಅಷ್ಟನ್ನೂ ಸಾಲಕ್ಕೆ ಕಟ್ಟಬೇಕೆಂಬುದು ಅವರ ವಾದ. ಒಂದು ಭಾಗವೂ ಹೋಗಕೂಡದೆಂಬುದು ಪತ್ನಿಯದು. ಚಾವಣಿಯ ದುರಸ್ತಿಗೆ 25 ಭಾಗ ಬೇಕೆಂದು ಕೆಲಸದವರು ಅಂದಾಜು ಕೊಟ್ಟಿದ್ದರು. ನೀರು ಒಸರುವುದನ್ನು ಇನ್ನೊಂದು ಮಳೆಗಾಲಕ್ಕೆ ಬಿಟ್ಟರೆ ಹಾನಿ ಗೋಡೆಗೂ ಹಬ್ಬಿ ಖರ್ಚು ಬೆಳೆಯುವುದರಿಂದ, ಅದನ್ನು ಮೊದಲು ಮಾಡಿಸಿ, ಉಳಿದ 35 ಭಾಗವನ್ನು ನಿಧಿಗೆ ಸೇರಿಸಲು ಸೂಚಿಸಿದೆ. ನಿಧಿ ಮೂರು ತಿಂಗಳ ಅಗತ್ಯ ಖರ್ಚಿನ ಮಟ್ಟವನ್ನು ಮುಟ್ಟಿದ ಮೇಲೆ ಬರುವ ಬೋನಸ್ಸಿನಲ್ಲಿ ಅರ್ಧ ಸಾಲಕ್ಕೆ, ಅರ್ಧ ಇಬ್ಬರೂ ಕೂತು ನಿರ್ಧರಿಸಿದ ಕೆಲಸಕ್ಕೆ ಎಂದು ಬರೆದುಕೊಂಡು ಇಬ್ಬರೂ ಸಹಿ ಮಾಡಿದರು. ಅಂತಹ ಕಾಗದಕ್ಕೆ ಕಾನೂನಿನ ಬಲವೇನೂ ಇಲ್ಲ, ಆದರೆ ಬೋನಸ್ ಕೈಗೆ ಬಂದ ದಿನ ವಾದವನ್ನು ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ. ಆ್ಯಪನ್ನು ದಿನಕ್ಕೊಮ್ಮೆ ತೆರೆದು ನೋಡುವ ಅಭ್ಯಾಸ ಪತಿಗೆ ಇನ್ನೂ ಹೋಗಿಲ್ಲವೆಂದು ಪತ್ನಿ ದೂರಿದರು; ಈಗ ಅವರು ನಿಧಿಯ ಖಾತೆಯನ್ನೂ ಜೊತೆಗೇ ನೋಡುತ್ತಾರಂತೆ.

ಸ್ಥಿರ ದರದ ಅವಧಿ ಮುಗಿಯಲು ಇನ್ನು ಆರು ತಿಂಗಳಿತ್ತು. ಅದು ಮುಗಿಯುವುದಕ್ಕೆ ಎರಡು ತಿಂಗಳ ಮುಂಚೆ ಮತ್ತೆ ಬರಲು ತಿಳಿಸಿದೆ. ಬರುವಾಗ ಸಾಲದ ಇತ್ತೀಚಿನ ಸ್ಟೇಟ್‌ಮೆಂಟ್, ಈಗಿನ ಸಾಲದಾತರು ಕೊಡಲಿರುವ ಹೊಸ ದರ, ಬೇರೆ ಕನಿಷ್ಠ ಎರಡು ಕಡೆಯ ದರಗಳು ಮತ್ತು ಸಾಲವನ್ನು ವರ್ಗಾಯಿಸಿದರೆ ತಗಲುವ ಎಲ್ಲ ಶುಲ್ಕಗಳ ವಿವರವನ್ನು ತರಬೇಕೆಂದು ಬರೆದುಕೊಟ್ಟೆ. ಸ್ಟೇಟ್‌ಮೆಂಟ್ ತರುವ ಹೊಣೆಯನ್ನು ಈ ಸಲ ಪತ್ನಿ ವಹಿಸಿಕೊಂಡಿದ್ದಾರೆ.