ಗ್ರೀಸ್ ಸ್ಟಡಿ ಟೂರ್‌ನಲ್ಲಿ ಮ್ಯೂಸಿಯಂ ಬಿಟ್ಟು ಜಾಸ್ತಿ ಜಾಗ ನೋಡಬಹುದಾ?

ದಯವಿಟ್ಟು ಬಿಡಬೇಡಿ. ಹತ್ತು ದಿನಕ್ಕೆ ಎಷ್ಟು ಜಾಗ ಅಂತ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ.

ಜರ್ಮನಿಯಲ್ಲಿ ಎಂಎ ಓದುತ್ತಿದ್ದಾಗ ನಮ್ಮ ವಿಭಾಗದವರು ಗ್ರೀಸ್‌ಗೆ ಕರೆದುಕೊಂಡು ಹೋಗಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜಾಗ. ಅಲ್ಲೇ ನಿಂತು ಉಳಿದವರಿಗೆ ವಿವರಿಸಬೇಕು. ನನಗೆ ಬಂದದ್ದು ಮೈಸೀನಿ ಅನ್ನುವ ಪ್ರಾಚೀನ ಕೋಟೆ ಪಟ್ಟಣದ ರಾಜ ಸಮಾಧಿಗಳು. ಕೋಟೆಯ ಸಿಂಹದ್ವಾರ ದಾಟಿದರೆ ಬಲಕ್ಕೆ ಸಿಗುವ ದುಂಡನೆಯ ಕಲ್ಲಿನ ಆವರಣ. 1876ರಲ್ಲಿ ಜರ್ಮನ್ ಪುರಾತತ್ವಜ್ಞ ಹೈನ್ರಿಚ್ ಶ್ಲೀಮನ್ ಚಿನ್ನದ ಮುಖವಾಡಗಳನ್ನು ಅಗೆದು ತೆಗೆದದ್ದು ಅಲ್ಲೇ.

ಎರಡನೇ ದಿನ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಇತ್ತು. ತಲೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅಕ್ರೊಪೊಲಿಸ್ ಗುಡ್ಡಕ್ಕೆ ಇನ್ನೊಮ್ಮೆ ಹೋಗಿ ಪಾರ್ಥೆನಾನ್ ದೇವಾಲಯದ ಫೋಟೊ ತೆಗೆಯಬೇಕಿತ್ತು. ಮುಖವಾಡದ ಚಿತ್ರವನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೇನಲ್ವಾ, ಕೊನೆಯ ದಿನ ಅಥೆನ್ಸ್‌ಗೇ ವಾಪಸ್ ಬರುತ್ತೇವಲ್ವಾ ಅಂದುಕೊಂಡೆ. ನನಗೆ ಹೊಳೆಯದಿದ್ದದ್ದು ಇದು: ಮೈಸೀನಿಯಲ್ಲಿ ಉಳಿದಿರುವುದು ಗುಂಡಿ. ಗುಂಡಿಯಿಂದ ಬಂದ ಚಿನ್ನ ಇರುವುದು ಅಥೆನ್ಸ್‌ನಲ್ಲಿ. ಮೈಸೀನಿಯ ಮ್ಯೂಸಿಯಂನಲ್ಲಿ ಮುಖವಾಡದ ನಕಲು ಮಾತ್ರ ಇದೆ. ಒಂದನ್ನು ನೋಡದೆ ಇನ್ನೊಂದನ್ನು ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ನನ್ನ ಸರದಿ ಬಂತು. ಒಂದನ್ನು ಟ್ರಾಯ್ ಯುದ್ಧದ ಕಥೆಯ ಗ್ರೀಕ್ ರಾಜ ಅಗಮೆಮ್ನಾನ್‌ನ ಮುಖವಾಡ ಅಂತ ಕರೆದರೂ ಸಮಾಧಿಗಳು ಕ್ರಿ.ಪೂ. 16ನೇ ಶತಮಾನದವು, ಟ್ರಾಯ್ ಯುದ್ಧದ್ದು ಅನ್ನುವ ಕಾಲಕ್ಕಿಂತ ಎಷ್ಟೋ ಹಳೆಯವು ಅಂತೆಲ್ಲ ಹೇಳಿದೆ. ಪ್ರೊಫೆಸರ್ ಕೇಳಿದರು, "ಉಳಿದ ಮುಖವಾಡಗಳಿಗೂ ಇದಕ್ಕೂ ಏನು ವ್ಯತ್ಯಾಸ ಕಂಡಿತು?" ನನ್ನ ಬಾಯಿ ಕಟ್ಟಿತು. ಸಹಪಾಠಿಯೊಬ್ಬಳು ಹೇಳಿದಳು: ಇದಕ್ಕೆ ಗಡ್ಡ ಮೀಸೆ ಇದೆ, ಉಳಿದವಕ್ಕಿಲ್ಲ. ಆಮೇಲೆ ಮೂರನೇ ಸಮಾಧಿಯ ಎರಡು ಹಸುಗೂಸುಗಳ ಮಾತು ತೆಗೆದಳು. ಅವುಗಳ ಮೈಮೇಲೆ ಚಿನ್ನದ ತೆಳು ತಗಡು ಹೊದಿಸಿದ್ದರಂತೆ. ಕೂಸು ಎಷ್ಟುದ್ದ ಅಂತ ಎರಡು ಕೈ ಹಿಡಿದು ತೋರಿಸಿದಳು. ಎಲ್ಲರೂ ಸುಮ್ಮನೆ ಗುಂಡಿಯ ಕಡೆ ನೋಡಿದರು. ನಾನೂ ನೋಡಿದೆ. ನನಗೆ ಕಲ್ಲು, ಮಣ್ಣು ಬಿಟ್ಟು ಏನೂ ಕಾಣಲಿಲ್ಲ.

ಕೊನೆಯ ದಿನ ಬಸ್ ತಡವಾಯಿತು. ನಾವು ಅಥೆನ್ಸ್ ಸೇರುವಷ್ಟರಲ್ಲಿ ಮ್ಯೂಸಿಯಂ ಮುಚ್ಚಿತ್ತು. ಬೆಳಗಿನ ಜಾವ ವಿಮಾನ.

ಅದಕ್ಕೇ ಹೇಳುತ್ತೇನೆ, "ಎಷ್ಟು ಜಾಗ" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಾಲ್ಕೇ ಜಾಗ ನೋಡಿ, ಆದರೆ ಅಲ್ಲಿ ಸಿಕ್ಕಿದ್ದನ್ನೂ ನೋಡಿ. ಒಲಿಂಪಿಯಾದಲ್ಲಿ ಗ್ರೀಕ್ ದೇವರು ಜೀಯಸ್‌ನ ದೇವಾಲಯದ ಬಹುಪಾಲು ಕಂಬಗಳು ನೆಲಕ್ಕೆ ಬಿದ್ದಿವೆ, ಅದರ ಶಿಲ್ಪಗಳು ಅಲ್ಲಿನ ಮ್ಯೂಸಿಯಂನಲ್ಲಿವೆ. ಡೆಲ್ಫಿಯ ಕಂಚಿನ ಸಾರಥಿಯ ಪ್ರತಿಮೆಯೂ ಡೆಲ್ಫಿಯ ಮ್ಯೂಸಿಯಂನಲ್ಲೇ ಇದೆ. ಕಣ್ಣರೆಪ್ಪೆಯ ಕೂದಲು ಕೂಡ ಉಳಿದಿದೆ. ಬೇಸಿಗೆಯಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅವಶೇಷ ನೋಡಲು ಹೋಗಿ, ಮಧ್ಯಾಹ್ನ ಮ್ಯೂಸಿಯಂ ಇಟ್ಟುಕೊಳ್ಳಿ. ಮೈಸೀನಿಗೆ ಮಾತ್ರ ಅಥೆನ್ಸ್ ಮೊದಲು.

ಅಥೆನ್ಸ್‌ನಲ್ಲಿ ಒಳಗೆ ಹೋದರೆ ಎದುರಿಗೇ ಮೈಸೀನಿಯ ಕೊಠಡಿ. ಮುಖವಾಡದ ಮುಂದೆ ಜನ ಇರುತ್ತಾರೆ. ನೀವು ಆ ಮಕ್ಕಳ ತಗಡು ಹುಡುಕಿ ನೋಡಿ. ನಾನು ಇನ್ನೂ ನೋಡಿಲ್ಲ.