ರೆಡ್ ವೈನ್ ಬಣ್ಣ: ಕಣ್ಣಳತೆ ಬಿಟ್ಟು ಅಳೆಯುವುದು ಹೇಗೆ?

ಪ್ರಶ್ನೆ: ಒಂದೇ ರೆಡ್ ವೈನ್ ನೋಡಿ ನಾನು ‘ರೂಬಿ’ (ಮಾಣಿಕ್ಯದ ಕೆಂಪು) ಅಂದರೆ ಗೆಳೆಯ ‘ಗಾರ್ನೆಟ್’ (ಕಂದು ಬೆರೆತ ಕೆಂಪು) ಅನ್ನುತ್ತಾನೆ. ಬಣ್ಣವನ್ನು ಯಂತ್ರದಿಂದ ಅಳೆದು ವಿಂಗಡಿಸಬಹುದೇ? ತುಂಬಾ ಕಪ್ಪಾಗಿದ್ದರೆ ನೀರು ಬೆರೆಸಬಹುದೇ? ಫೋನ್ ಕ್ಯಾಮೆರಾ ಸಾಕಾಗುತ್ತದೆಯೇ?

ಉತ್ತರ: ಅಳೆಯಬಹುದು, ಅದೂ ಸುಲಭವಾಗಿ. ಕಷ್ಟ ಇರುವುದು ಪ್ರತಿ ಸಲವೂ ಒಂದೇ ರೀತಿ ಅಳೆಯುವುದರಲ್ಲಿ.

ಇದಕ್ಕೆ ಬೇಕಾದದ್ದು ಸ್ಪೆಕ್ಟ್ರೋಫೋಟೋಮೀಟರ್. ವೈನ್ ಯಾವ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತದೆ ಎಂದು ಅದು ಹೇಳುತ್ತದೆ. ಮೂರು ತರಂಗಾಂತರ ನೋಡಿದರೆ ಸಾಕು. 520 ನ್ಯಾನೋಮೀಟರ್‌ನಲ್ಲಿ ಕೆಂಪು ಗೊತ್ತಾಗುತ್ತದೆ. ದ್ರಾಕ್ಷಿ ಸಿಪ್ಪೆಯಿಂದ ಬರುವ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಹೆಚ್ಚು ಹೀರುವುದು ಅಲ್ಲೇ. 420ರಲ್ಲಿ ಹಳದಿ-ಕಂದು, 620ರಲ್ಲಿ ನೀಲಿ-ನೇರಳೆ. ಮೂರನ್ನೂ ಕೂಡಿದರೆ ಬಣ್ಣದ ಗಾಢತೆ. 420ರ ಅಂಕಿಯನ್ನು 520ರ ಅಂಕಿಯಿಂದ ಭಾಗಿಸಿದರೆ ಬಣ್ಣದ ಛಾಯೆ.

ಒಂದು ಲೆಕ್ಕ ನೋಡಿ. 1 ಮಿಲಿಮೀಟರ್ ದಪ್ಪ ವೈನ್ ಹಿಡಿಯುವ ಕ್ಯುವೆಟ್‌ನಲ್ಲಿ (ಯಂತ್ರದೊಳಗೆ ಇಡುವ ಪಾರದರ್ಶಕ ಚಿಕ್ಕ ಪಾತ್ರೆ) 420, 520, 620ರ ಅಂಕಿಗಳು 0.25, 0.40, 0.08 ಬಂದವು ಅಂದುಕೊಳ್ಳಿ. 10 ಮಿಲಿಮೀಟರ್‌ಗೆ ಪರಿವರ್ತಿಸಲು ಹತ್ತರಿಂದ ಗುಣಿಸಿ. ಗಾಢತೆ 7.3, ಛಾಯೆ ಸುಮಾರು 0.63. ಹೊಸ ವೈನ್‌ನಲ್ಲಿ ಛಾಯೆ ಸಾಮಾನ್ಯವಾಗಿ 0.5ರಿಂದ 0.7ರ ನಡುವೆ ಇರುತ್ತದೆ. ವಯಸ್ಸಾದಂತೆ ಕೆಂಪು ಇಳಿದು ಕಂದು ಏರುತ್ತದೆ, ಛಾಯೆ 1 ದಾಟಿ 1.2ರ ಆಸುಪಾಸಿಗೂ ಹೋಗಬಹುದು. ಒಂದೇ ವೈನ್ ಹೇಗೆ ಮಾಗುತ್ತಿದೆ ಎಂದು ನೋಡಲು ನನ್ನ ಪ್ರಕಾರ ಈ ಎರಡು ಅಂಕಿ ಧಾರಾಳ.

ಈಗ ನೀರಿನ ವಿಷಯ. ಬೆರೆಸಲೇಬೇಡಿ! ಹತ್ತು ಪಟ್ಟು ತೆಳುಮಾಡಿದರೆ ಬಣ್ಣ ಹತ್ತು ಪಟ್ಟು ಮಾತ್ರ ಕಡಿಮೆಯಾಗಬೇಕು ಅಲ್ವಾ? ವೈನ್‌ನಲ್ಲಿ ಹಾಗಾಗುವುದಿಲ್ಲ, ಅದಕ್ಕಿಂತ ಜಾಸ್ತಿಯೇ ಇಳಿಯುತ್ತದೆ. ಹೊಸ ವೈನ್‌ನಲ್ಲಿ ಆಂಥೋಸಯಾನಿನ್ ಅಣುಗಳು ಬಣ್ಣವಿಲ್ಲದ ಬೇರೆ ಅಣುಗಳಿಗೆ ಅಂಟಿಕೊಂಡು ನಿಂತಿರುತ್ತವೆ. ನಾವು ಕಾಣುವ ಬಣ್ಣದಲ್ಲಿ ದೊಡ್ಡ ಪಾಲು ಈ ಜೋಡಿಗಳದ್ದು. ನೀರು ಬಿದ್ದರೆ ಜೋಡಿ ಬಿಟ್ಟುಹೋಗುತ್ತದೆ. ಜೊತೆಗೆ ಹುಳಿ ಕಡಿಮೆಯಾಗಿ ಪಿಎಚ್ ಏರಿದರೆ ಕೆಂಪು ರೂಪದ ಅಣುಗಳು ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತವೆ. ಆಮೇಲೆ ನೀವು ಅಳೆಯುವುದು ಬೇರೆಯೇ ದ್ರವವನ್ನು. ಅದಕ್ಕೇ 1 ಅಥವಾ 2 ಮಿಲಿಮೀಟರ್‌ನ ತೆಳು ಕ್ಯುವೆಟ್ ಬಳಸುವುದು. ಮೇಲಿನ ಲೆಕ್ಕದ ವೈನನ್ನೇ 10 ಮಿಲಿಮೀಟರ್ ಕ್ಯುವೆಟ್‌ನಲ್ಲಿ ಇಟ್ಟರೆ 520ರಲ್ಲಿ ಅಂಕಿ 4, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ಆಚೆ ಬರುತ್ತದೆ. ಸಾಮಾನ್ಯ ಯಂತ್ರಕ್ಕೆ ಅದನ್ನು ಸರಿಯಾಗಿ ಓದಲು ಆಗುವುದಿಲ್ಲ.

ವೈನ್ ಕೆಡದಿರಲೆಂದು ಹಾಕುವ ಸಲ್ಫರ್ ಡೈಆಕ್ಸೈಡ್ ಕೂಡ ಮೋಸ ಮಾಡುತ್ತದೆ. ಅದು ಆಂಥೋಸಯಾನಿನ್‌ಗೆ ಸೇರಿಕೊಂಡರೆ ಬಣ್ಣ ಮಾಯ. ಹಾಗಾಗಿ ಅದನ್ನು ಈಗಷ್ಟೇ ಹಾಕಿದ ವೈನ್ ಸುಮ್ನೆ ತೆಳುವಾಗಿ ಕಾಣುತ್ತದೆ. ಪ್ರಯೋಗಾಲಯದಲ್ಲಿ ಸ್ವಲ್ಪ ಅಸಿಟಾಲ್ಡಿಹೈಡ್ ಹಾಕಿ ಈ ಪರಿಣಾಮ ತೆಗೆದು ಮತ್ತೊಮ್ಮೆ ಅಳೆಯುತ್ತಾರೆ. ಮಸುಕಿದ್ದರೆ ಮೊದಲೇ ಸೋಸಿಕೊಳ್ಳಿ.

ಇನ್ನು ‘ರೂಬಿ’, ‘ಗಾರ್ನೆಟ್’. ಎರಡು ವೈನ್‌ಗಳ ಗಾಢತೆ ಒಂದೇ ಇದ್ದೂ ಕಣ್ಣಿಗೆ ಬೇರೆ ಕಾಣಬಹುದು. ಇಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗದ (ಸಿಐಇ) 1976ರ ‘ಲ್ಯಾಬ್’, ಅಂದರೆ ಎಲ್-ಎ-ಬಿ, ಪದ್ಧತಿ ಕೆಲಸಕ್ಕೆ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಅಳೆದು ಮೂರು ಅಂಕಿ ಕೊಡುತ್ತದೆ: ‘ಎಲ್’ ಎಷ್ಟು ಬೆಳ್ಳಗೆ, ‘ಎ’ ಹಸಿರಿನಿಂದ ಕೆಂಪಿನ ಕಡೆ ಎಷ್ಟು, ‘ಬಿ’ ನೀಲಿಯಿಂದ ಹಳದಿಯ ಕಡೆ ಎಷ್ಟು. ನೇರಳೆಗೆ ಹೊರಳಿದ ಹೊಸ ವೈನ್‌ನಲ್ಲಿ ‘ಬಿ’ ಕಡಿಮೆ, ಇಟ್ಟಿಗೆ ಬಣ್ಣದ ಹಳೆಯದರಲ್ಲಿ ಜಾಸ್ತಿ. ಆದರೆ ಈ ಅಂಕಿಗಳನ್ನು ಹತ್ತರಿಂದ ಗುಣಿಸಿ ಪರಿವರ್ತಿಸಲು ಬರುವುದಿಲ್ಲ. ಬೆಳಕು ಎಷ್ಟು ದಪ್ಪದ ವೈನ್ ಹಾಯ್ದಿದೆ ಎಂದು ಹೇಳದ ಲ್ಯಾಬ್ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ರೂಬಿ ಎಲ್ಲಿ ಮುಗಿದು ಗಾರ್ನೆಟ್ ಎಲ್ಲಿ ಶುರು ಎಂಬ ಗೆರೆಯನ್ನು ಯಂತ್ರ ಎಳೆಯುವುದಿಲ್ಲ. ನೀವಿಬ್ಬರೂ ಒಪ್ಪುವ ಕೆಲವು ವೈನ್‌ಗಳನ್ನು ಮೊದಲು ಅಳೆದು, ಗೆರೆ ನೀವೇ ಹಾಕಿಕೊಳ್ಳಬೇಕು.

ಫೋನ್? ಅದು ಬೆಳಕನ್ನೂ ಬಿಳುಪನ್ನೂ ತಾನೇ ತಿದ್ದುತ್ತದೆ. ಅದೇ ದೀಪ, ಅದೇ ಬಿಳಿ ಹಾಳೆ, ಅದೇ ಗ್ಲಾಸು, ಅಷ್ಟೇ ಎತ್ತರದ ವೈನ್ ಇಟ್ಟು, ಎರಡು ವೈನ್‌ಗಳನ್ನೂ ಒಂದೇ ಫೋಟೋದಲ್ಲಿ ತೆಗೆದರೆ ಹೋಲಿಕೆಗೆ ಅಡ್ಡಿಯಿಲ್ಲ. ಆ ಅಂಕಿಯನ್ನು ಬೇರೆಯವರ ಅಂಕಿಯ ಜೊತೆ ಮಾತ್ರ ತೂಗಬೇಡಿ.